ಚಿಗಟದ ಚಿತ್ರಕಾರ ರಾಬರ್ಟ್ ಹುಕ್

ನಮ್ಮದು ಕಲಾ ಕಾಲೇಜು. ಇಲ್ಲಿಯ ವಾರ್ಷಿಕ ಸಂಚಿಕೆಯಲ್ಲಿ ಕವಿಗಳ, ಅರಸರ, ದೇಶಭಕ್ತರ ಜೀವನಚರಿತ್ರೆಗಳು ಅಚ್ಚಾಗುವುದು ವಾಡಿಕೆ. ನಾನು ಈ ಸಲ ಬರೆಯಹೊರಟಿರುವುದು ಚಿಗಟ, ಹೇನು, ನೊಣ, ಇರುವೆಗಳ ಚಿತ್ರ ಬರೆದು ಪ್ರಸಿದ್ಧನಾದ ಒಬ್ಬ ಆಂಗ್ಲ ವಿಜ್ಞಾನಿಯ ವಿಷಯ. ಮಿತ್ರರಲ್ಲಿ ಕೆಲವರು ಹುಬ್ಬೇರಿಸಬಹುದು. ಆದರೆ ಈತನು ವಿಜ್ಞಾನಿಯಾಗುವುದಕ್ಕೆ ಮೊದಲು ಚಿತ್ರಕಲೆಯ ಶಿಷ್ಯನಾಗಿದ್ದವನು, ಸಂಗೀತ ಬಲ್ಲವನು, ಇನ್ನೊಬ್ಬರ ಸೇವೆ ಮಾಡಿಕೊಂಡು ವಿಶ್ವವಿದ್ಯಾನಿಲಯದಲ್ಲಿ ಓದಿದ ಬಡ ವಿದ್ಯಾರ್ಥಿ. ಇಂಥವನಿಗೆ ನಮ್ಮ ಪುಟಗಳಲ್ಲಿ ಎಡೆಯಿಲ್ಲದೆ ಹೋದೀತೇ?

ಈಚಿನ ವರ್ಷಗಳಲ್ಲಿ ಕೀಟಗಳ ಅತಿ ದೊಡ್ಡ ಛಾಯಾಚಿತ್ರಗಳನ್ನು ವಾಚಕರು ನೋಡಿಯೇ ಇರುತ್ತೀರಿ. ಗೋಡೆಯಗಲದ ಜೀರುಂಡೆ, ಅದರ ರೆಕ್ಕೆಯ ಮೇಲಿನ ಒಂದೊಂದು ಚುಕ್ಕೆ, ಕಾಲಿನ ಮೇಲಿನ ಒಂದೊಂದು ರೋಮ, ಎಲ್ಲವೂ ಸ್ಪಷ್ಟ. ಇಂಥ ಚಿತ್ರವನ್ನು ಕ್ಯಾಮರಾವು ಒಂದೇ ಏಟಿಗೆ ತೆಗೆಯಲಾರದು. ಮಸೂರವು ವಸ್ತುವನ್ನು ಹೆಚ್ಚು ಹೆಚ್ಚು ದೊಡ್ಡದು ಮಾಡಿದಷ್ಟೂ ಅದು ಸ್ಪಷ್ಟವಾಗಿ ಕಾಣಿಸುವ ಪದರವು ತೆಳುವಾಗುತ್ತ ಹೋಗುತ್ತದೆ. ಹತ್ತು ಪಟ್ಟು ಹಿಗ್ಗಿಸುವ ಒಳ್ಳೆಯ ಮಸೂರದಲ್ಲಿ ಈ ಪದರದ ದಪ್ಪ ಒಂದು ಮಿಲಿಮೀಟರಿನ ಸಾವಿರ ಭಾಗಗಳಲ್ಲಿ ಮೂರು ನಾಲ್ಕು ಭಾಗ ಮಾತ್ರ. ಅದರ ಹಿಂದೆ ಮುಂದೆ ಇರುವುದೆಲ್ಲ ಮಂಜು. ಆದ್ದರಿಂದ ಛಾಯಾಗ್ರಾಹಕನು ಕ್ಯಾಮರಾವನ್ನು ಕೂದಲೆಳೆಗಿಂತ ಕಡಿಮೆ ದೂರ ಸರಿಸುತ್ತ ನೂರಾರು ಚಿತ್ರಗಳನ್ನು ತೆಗೆಯುತ್ತಾನೆ. ಒಂದೊಂದರಲ್ಲಿಯೂ ಸ್ಪಷ್ಟವಾಗಿರುವ ಭಾಗವನ್ನಷ್ಟೇ ಗಣಕಯಂತ್ರವು ಆರಿಸಿ, ಜೋಡಿಸಿ, ಒಂದು ಪೂರ್ಣ ಚಿತ್ರವನ್ನು ಕೊಡುತ್ತದೆ. ಇದಕ್ಕೆ ಫೋಕಸ್ ಸ್ಟ್ಯಾಕಿಂಗ್ ಎಂದು ಹೆಸರು. ಹನಿ ಹನಿ ಕೂಡಿದರೆ ಹಳ್ಳ, ತೆನೆ ತೆನೆ ಕೂಡಿದರೆ ಬಳ್ಳ ಎಂಬ ನಮ್ಮ ಗಾದೆಗೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಕ್ಕಲಾರದು.

ಕ್ಯಾಮರಾವೂ ಗಣಕಯಂತ್ರವೂ ಇಲ್ಲದಿದ್ದ 17ನೆಯ ಶತಮಾನದಲ್ಲಿ ಇದೇ ಕೆಲಸವನ್ನು ಒಬ್ಬ ಮನುಷ್ಯನು ತನ್ನ ಕಣ್ಣು, ಕೈ, ಬುದ್ಧಿಗಳಿಂದ ಮಾಡಿದನು. ಆತನೇ ರಾಬರ್ಟ್ ಹುಕ್.

ಹುಕ್ ಹುಟ್ಟಿದ್ದು 1635ನೆಯ ಇಸವಿ ಜುಲೈ 18ರಂದು. ಇಂಗ್ಲೆಂಡಿನ ದಕ್ಷಿಣ ತೀರದ ಆಚೆ ಇರುವ ವೈಟ್ ದ್ವೀಪದ ಫ್ರೆಷ್‌ವಾಟರ್ ಎಂಬುದು ಆತನ ಊರು. ತಂದೆ ಅಲ್ಲಿಯ ಇಗರ್ಜಿಯ ಪಾದ್ರಿ. ಮಗು ಉಳಿಯುವುದೇ ಕಷ್ಟವೆನ್ನುವಷ್ಟು ದುರ್ಬಲವಾಗಿತ್ತು. ಮಗನನ್ನೂ ಪಾದ್ರಿಯಾಗಿಸಬೇಕೆಂದು ತಂದೆಗೆ ಆಸೆಯಿದ್ದರೂ, ಪುಸ್ತಕ ಹಿಡಿದರೆ ಹುಡುಗನಿಗೆ ತಲೆನೋವು ಬರುತ್ತಿತ್ತು. ಕೊನೆಗೆ ತಂದೆಯು ಓದಿನ ಒತ್ತಾಯವನ್ನು ಬಿಟ್ಟುಬಿಟ್ಟನು. ಹುಡುಗನು ತನ್ನ ಪಾಡಿಗೆ ತಾನು ಆಟದ ಸಾಮಾನುಗಳನ್ನು ಮಾಡತೊಡಗಿದನು. ಹಿತ್ತಾಳೆಯ ಗಡಿಯಾರವೊಂದನ್ನು ಬಿಚ್ಚುವುದನ್ನು ನೋಡಿ, ಅಂಥದೇ ಒಂದನ್ನು ಮರದಲ್ಲಿ ಮಾಡಿದನು. ಅದು ನಡೆಯಿತು ಕೂಡ. ನೀರಿನ ಮೇಲೆ ತೇಲುವ, ಸಣ್ಣ ತೋಪುಗಳನ್ನು ಹಾರಿಸುವ ಪುಟ್ಟ ಹಡಗೊಂದನ್ನೂ ಕಟ್ಟಿದನು. ಕೈಗೆ ಬುದ್ಧಿಯಿರುವ ಮಕ್ಕಳು ಬಹಳ ಮಂದಿ. ಅವರ ಕೈಯನ್ನು ಕಟ್ಟಿಹಾಕದೆ ಬಿಡುವ ತಂದೆಗಳು ಕಡಿಮೆ.

1648ರಲ್ಲಿ ತಂದೆ ತೀರಿಕೊಂಡನು. ಹದಿಮೂರು ವರುಷದ ಹುಡುಗನು ಪಾಲಿಗೆ ಬಂದ ಅಲ್ಪ ಹಣವನ್ನು ಹಿಡಿದುಕೊಂಡು ಲಂಡನ್ ನಗರಕ್ಕೆ ಬಂದನು. ಅಲ್ಲಿ ಪೀಟರ್ ಲೀಲಿ ಎಂಬ ಹೆಸರಾಂತ ಚಿತ್ರಕಾರನ ಬಳಿ ಕೆಲವು ಕಾಲ ಇದ್ದನು. ಎಣ್ಣೆಬಣ್ಣದ ವಾಸನೆಗೆ ಹಳೆಯ ತಲೆನೋವು ಮರುಕಳಿಸಿತಂತೆ, ಅಲ್ಲಿಂದ ಹೊರಟನು. ಆದರೂ ಅಲ್ಲಿ ಹಿಡಿದ ಕುಂಚ ವ್ಯರ್ಥವಾಗಲಿಲ್ಲ. ಮುಂದೆ ವೆಸ್ಟ್‌ಮಿನ್‌ಸ್ಟರ್ ಶಾಲೆಯಲ್ಲಿ ರಿಚರ್ಡ್ ಬಸ್ಬಿ ಎಂಬ ಉಪಾಧ್ಯಾಯನ ಆಶ್ರಯ ದೊರೆಯಿತು. ಬಸ್ಬಿ ಕಟ್ಟುನಿಟ್ಟಿಗೆ ಹೆಸರಾದವನು. ಆದರೆ ಹುಡುಗನ ಬುದ್ಧಿಯನ್ನು ಬೇಗ ಗುರುತಿಸಿದನು. ಹುಕ್ ಅಲ್ಲಿ ಲ್ಯಾಟಿನ್, ಗ್ರೀಕ್ ಭಾಷೆಗಳನ್ನು ಕಲಿತನು. ಆರ್ಗನ್ ವಾದ್ಯ ನುಡಿಸಲು ಕಲಿತನು. ಯೂಕ್ಲಿಡನ ರೇಖಾಗಣಿತದ ಮೊದಲ ಆರು ಭಾಗಗಳನ್ನು ಒಂದೇ ವಾರದಲ್ಲಿ ಓದಿ ಮುಗಿಸಿದನೆಂದು ಪ್ರತೀತಿ. ಹದಿನಾರರ ಸುಮಾರಿಗೆ ಆತನ ಬೆನ್ನು ಬಾಗತೊಡಗಿತು. ಆ ಗೂನು ಕೊನೆಯವರೆಗೂ ಉಳಿಯಿತು.

1653ರಲ್ಲಿ ಆಕ್ಸ್‌ಫರ್ಡಿನ ಕ್ರೈಸ್ಟ್ ಚರ್ಚ್ ಕಾಲೇಜನ್ನು ಸೇರಿದನು. ಅಲ್ಲಿ ಹಣವಂತರಾದ ವಿದ್ಯಾರ್ಥಿಗಳಿಗೆ ಊಳಿಗ ಮಾಡಿ ಓದಿನ ಖರ್ಚನ್ನು ತೂಗಿಸುವ ಬಡ ಹುಡುಗರ ಒಂದು ವರ್ಗವಿತ್ತು. ಹುಕ್ ಆ ವರ್ಗಕ್ಕೆ ಸೇರಿದವನು. ವಾರಾನ್ನ ಮಾಡಿಕೊಂಡು ಓದಿದ ನಮ್ಮ ಹಿರಿಯರ ಕಥೆಗಳನ್ನು ಕೇಳಿರುವ ನನಗೆ ಈ ಸಂಗತಿಯನ್ನು ಓದಿದಾಗ ಹುಕ್ ದೂರದವನೆನಿಸಲಿಲ್ಲ. ಆಕ್ಸ್‌ಫರ್ಡಿನಲ್ಲಿ ಆತನು ಸಿರಿವಂತ ವಿದ್ವಾಂಸನಾದ ರಾಬರ್ಟ್ ಬಾಯ್ಲ್ ಎಂಬಾತನ ಸಹಾಯಕನಾದನು. ಬಾಯ್ಲನಿಗೆ ಕೀರ್ತಿ ತಂದ ವಾಯುರೇಚಕ ಯಂತ್ರವನ್ನು ನಿರ್ಮಿಸಿಕೊಟ್ಟ ಕೈಗಳು ಹುಕ್‌ನವು.

1660ರಲ್ಲಿ ಲಂಡನಿನಲ್ಲಿ ರಾಯಲ್ ಸೊಸೈಟಿ ಎಂಬ ವಿದ್ವತ್ಸಭೆ ಹುಟ್ಟಿತು. ಕಣ್ಣಿಂದ ಕಂಡು ಪ್ರಯೋಗದಿಂದ ಪರೀಕ್ಷಿಸದ ಹೊರತು ಯಾರ ಮಾತನ್ನೂ ಒಪ್ಪಬಾರದೆಂಬುದು ಅದರ ವ್ರತ. ಹಾಗಾದರೆ ವಾರ ವಾರವೂ ಸಭೆಯ ಮುಂದೆ ಪ್ರಯೋಗ ಮಾಡಿ ತೋರಿಸುವವರು ಯಾರು? 1662ರಲ್ಲಿ ಆ ಹೊಣೆ ಇಪ್ಪತ್ತೇಳು ವರುಷದ ಹುಕ್‌ನ ಹೆಗಲಿಗೆ ಬಿತ್ತು. ಆಗ ಕ್ರಿಸ್ಟೊಫರ್ ರೆನ್ ಎಂಬ ಪ್ರತಿಭಾವಂತನು ಸೂಕ್ಷ್ಮದರ್ಶಕದಲ್ಲಿ ಕೀಟಗಳನ್ನು ನೋಡಿ ಕೆಲವು ಚಿತ್ರಗಳನ್ನು ಬರೆದು ದೊರೆ ಎರಡನೆಯ ಚಾರ್ಲ್ಸನನ್ನು ಮೆಚ್ಚಿಸಿದ್ದನು. ಮುಂದುವರಿಸಲು ಅವನಿಗೆ ಬಿಡುವಿರಲಿಲ್ಲ. ಆ ಕೆಲಸವೂ ಹುಕ್‌ಗೇ ಬಂದಿತು. ಪ್ರತಿ ಸಭೆಗೂ ಸೂಕ್ಷ್ಮದರ್ಶಕದಲ್ಲಿ ಕಂಡ ಒಂದಾದರೂ ಹೊಸ ಸಂಗತಿಯನ್ನು ತರಬೇಕೆಂದು 1663ರಲ್ಲಿ ಸೊಸೈಟಿಯು ವಿಧಿಸಿತು.

ಸೂಕ್ಷ್ಮದರ್ಶಕವೆಂದರೆ ಇಂದಿನ ಪ್ರಯೋಗಾಲಯದ ಯಂತ್ರವನ್ನು ಕಲ್ಪಿಸಿಕೊಳ್ಳಬಾರದು. ಹುಕ್‌ನದು ಆರೇಳು ಅಂಗುಲದ ಒಂದು ಕೊಳವೆ, ಎಳೆದರೆ ಉದ್ದವಾಗುವಂಥದು. ಕೆಳಗೊಂದು ಸಣ್ಣ ಮಸೂರ, ಕಣ್ಣಿನ ಬಳಿ ಒಂದು ದೊಡ್ಡದು, ಬೇಕೆಂದಾಗ ನಡುವೆ ಇನ್ನೊಂದು. ನಡುವಣ ಮಸೂರವಿದ್ದರೆ ಹೆಚ್ಚು ವಿಸ್ತಾರ ಕಾಣುತ್ತಿತ್ತು, ಆದರೆ ಸ್ಪಷ್ಟತೆ ಕಡಿಮೆ. ಸೂಕ್ಷ್ಮವಾಗಿ ನೋಡಬೇಕಾದಾಗ ಆತನು ಅದನ್ನು ತೆಗೆದಿಡುತ್ತಿದ್ದನು. ಆ ಕಾಲದ ಗಾಜು ದೋಷಪೂರ್ಣವಾದದ್ದು. ದೋಷವನ್ನು ತಗ್ಗಿಸಲು ಮಸೂರದ ಕಿಂಡಿಯನ್ನು ಸೂಜಿಯ ತೂತಿನಷ್ಟು ಕಿರಿದು ಮಾಡಬೇಕಾಗಿತ್ತು. ಕಿರಿದು ಮಾಡಿದರೆ ಒಳಗೆಲ್ಲ ಕತ್ತಲೆ. ಇದಕ್ಕೆ ಹುಕ್ ಒಂದು ಉಪಾಯ ಹೂಡಿದನು. ಎಣ್ಣೆಯ ದೀಪದ ಮುಂದೆ ನೀರು ತುಂಬಿದ ಗಾಜಿನ ಗೋಳವನ್ನಿಟ್ಟು, ಅದರಿಂದ ಹೊಮ್ಮಿದ ಬೆಳಕನ್ನು ಮತ್ತೊಂದು ಮಸೂರದಿಂದ ಕೀಟದ ಮೇಲೆ ಒಟ್ಟುಗೂಡಿಸಿದನು. ಇಂದಿನ ಛಾಯಾಗ್ರಾಹಕರೂ ಬೆಳಕಿನ ವಿಷಯದಲ್ಲಿ ಇಷ್ಟೇ ಪಾಡು ಪಡುತ್ತಾರೆ.

ಆದರೆ ನಿಜವಾದ ಕಷ್ಟ ಬೇರೆ. ವಿಜ್ಞಾನ ಓದುತ್ತಿರುವ ನನ್ನ ಮಿತ್ರನೊಬ್ಬನು ಅವನ ಕಾಲೇಜಿನ ಪ್ರಯೋಗಾಲಯದಲ್ಲಿ ನನಗೆ ಇರುವೆಯ ತಲೆಯನ್ನು ತೋರಿಸಿದನು. ದವಡೆ ಸ್ಪಷ್ಟವಾಗಿ ಕಂಡಾಗ ಕಣ್ಣು ಮಸುಕಾಗಿತ್ತು. ತಿರುಪನ್ನು ಸ್ವಲ್ಪ ತಿರುಗಿಸಿದರೆ ಕಣ್ಣು ಮೂಡಿತು, ದವಡೆ ಕರಗಿತು. ಎಷ್ಟು ಹೊತ್ತು ನೋಡಿದರೂ ಇರುವೆಯ ಪೂರ್ತಿ ಮುಖ ನನಗೆ ಒಮ್ಮೆಯೂ ಕಾಣಲಿಲ್ಲ. ಕುರುಡರು ಆನೆಯನ್ನು ಮುಟ್ಟಿ ನೋಡಿದ ಕಥೆಯನ್ನು ನಾವೆಲ್ಲ ಬಲ್ಲೆವು. ಸೂಕ್ಷ್ಮದರ್ಶಕದ ಮುಂದೆ ಕುಳಿತ ಕಣ್ಣುಳ್ಳವನ ಪಾಡೂ ಅದೇ.

ಹುಕ್‌ಗೆ ಇದು ಚೆನ್ನಾಗಿ ತಿಳಿದಿತ್ತು. ಆತನೇ ತನ್ನ ಪುಸ್ತಕದ ಮುನ್ನುಡಿಯಲ್ಲಿ ಇದನ್ನು ವಿವರಿಸಿದ್ದಾನೆ. ಸೂಕ್ಷ್ಮದರ್ಶಕದಲ್ಲಿ ಉಬ್ಬು ಯಾವುದು, ತಗ್ಗು ಯಾವುದು, ನೆರಳು ಯಾವುದು, ಕಪ್ಪು ಕಲೆ ಯಾವುದು ಎಂದು ಹೇಳುವುದು ಸುಲಭವಲ್ಲ. ನೊಣದ ಕಣ್ಣನ್ನೇ ನೋಡಿ: ಒಂದು ಬಗೆಯ ಬೆಳಕಿನಲ್ಲಿ ಅದು ತೂತು ಕೊರೆದ ಜಾಲಂದ್ರ, ಬಿಸಿಲಿನಲ್ಲಿ ಚಿನ್ನದ ಮೊಳೆಗಳನ್ನು ಒತ್ತಾಗಿ ಜಡಿದ ಹಲಗೆ, ಒಂದು ಭಂಗಿಯಲ್ಲಿ ಪಿರಮಿಡ್ಡುಗಳ ಸಾಲು, ಇನ್ನೊಂದರಲ್ಲಿ ಶಂಕುಗಳ ರಾಶಿ. ಇವುಗಳಲ್ಲಿ ಯಾವುದನ್ನು ಬರೆಯಬೇಕು? ಕಂಡದ್ದನ್ನು ಕಂಡ ಹಾಗೆಯೇ ಬರೆದರೆ ಸುಳ್ಳಾಗುತ್ತದೆ. ಆದ್ದರಿಂದ ಹುಕ್ ಒಂದು ನಿಯಮವನ್ನು ಮಾಡಿಕೊಂಡನು. ಹಲವು ಬೆಳಕುಗಳಲ್ಲಿ, ಹಲವು ಭಂಗಿಗಳಲ್ಲಿ ಮತ್ತೆ ಮತ್ತೆ ನೋಡಿ, ವಸ್ತುವಿನ ನಿಜವಾದ ಆಕಾರ ಇದೇ ಎಂದು ಮನಸ್ಸಿಗೆ ನಿಶ್ಚಯವಾಗುವವರೆಗೆ ಲೇಖನಿಯನ್ನು ಮುಟ್ಟಬಾರದು. ಹೀಗೆ ಹುಟ್ಟಿದ ಚಿತ್ರವು ಯಾವ ಒಂದು ಕ್ಷಣದಲ್ಲಿಯೂ ಆತನ ಕಣ್ಣಿಗೆ ಬಿದ್ದದ್ದಲ್ಲ. ಆದರೂ ಕಣ್ಣಿಗೆ ಬಿದ್ದ ಎಲ್ಲ ನೋಟಗಳಿಗಿಂತ ಅದೇ ಹೆಚ್ಚು ನಿಜ.

ಈ ನಿಯಮದಿಂದಲೇ ಬೂದುಬಣ್ಣದ ಒಂದು ನೊಣದ ತಲೆಯನ್ನು ಚಿತ್ರಿಸಿದನು. ಅದರ ಎರಡು ಕಣ್ಣುಗಳಲ್ಲಿ ಸುಮಾರು 14,000 ಪುಟ್ಟ ಅರ್ಧಗೋಳಗಳಿವೆಯೆಂದು ಲೆಕ್ಕ ಹಾಕಿದನು. ಒಂದೊಂದು ಅರ್ಧಗೋಳದಲ್ಲಿಯೂ ತನ್ನ ಕೋಣೆಯ ಕಿಟಕಿ, ಕಿಟಕಿಯಾಚೆಯ ದೊಡ್ಡ ಮರ, ತನ್ನದೇ ಕೈ ಪ್ರತಿಬಿಂಬಿಸಿದ್ದನ್ನು ಕಂಡನು.

ಇರುವೆಯದು ದೊಡ್ಡ ತಾಪತ್ರಯ. ಜೀವಂತ ಇರುವೆ ಒಂದು ಕಡೆ ನಿಲ್ಲದು. ಕೊಂದರೆ ಮೈ ಮುದುಡಿಹೋಗುತ್ತದೆ. ಕಾಲುಗಳನ್ನು ಅಂಟಿನಲ್ಲಿ ಸಿಕ್ಕಿಸಿದರೆ ಒದ್ದಾಡಿ ಚಿತ್ರ ಕೆಡಿಸುತ್ತದೆ. ಕೊನೆಗೆ ಹುಕ್ ಅದನ್ನು ಮದ್ಯದಲ್ಲಿ ಅದ್ದಿದನು. ಇರುವೆ ಅಮಲೇರಿ ಸತ್ತಂತೆ ಬಿದ್ದಿತು. ಚಿತ್ರಕಾರನು ತನಗೆ ಬೇಕಾದ ಭಂಗಿಯಲ್ಲಿ ಅದನ್ನು ಇಟ್ಟುಕೊಂಡನು. ಒಂದು ಗಂಟೆಯ ಮೇಲೆ ಅಮಲಿಳಿದು ಇರುವೆ ಎದ್ದು ಓಡಿಹೋಯಿತು. ಹೇನಿನ ವಿಷಯದಲ್ಲಿ ಆತನು ಇನ್ನೂ ಮುಂದೆ ಹೋದನು. ಹಸಿದ ಹೇನನ್ನು ತನ್ನ ಕೈಯ ಮೇಲೆಯೇ ಬಿಟ್ಟುಕೊಂಡು, ರಕ್ತವು ಅದರ ಪಾರದರ್ಶಕ ಮೈಯೊಳಗೆ ಏರುವುದನ್ನು ನೋಡುತ್ತ ಕುಳಿತನು. ಸರಸ್ವತಿಗೆ ಇಂಥ ನೈವೇದ್ಯವನ್ನು ಕೊಟ್ಟವರು ಎಷ್ಟು ಮಂದಿ?

1665ರ ಜನವರಿಯಲ್ಲಿ ಮೈಕ್ರೋಗ್ರಾಫಿಯಾ ಎಂಬ ಪುಸ್ತಕ ಅಂಗಡಿಗೆ ಬಂದಿತು. ಅರುವತ್ತು ಅವಲೋಕನಗಳು, 38 ಚಿತ್ರಫಲಕಗಳು. ಮಡಿಸಿಟ್ಟ ಹಾಳೆಯನ್ನು ಬಿಡಿಸಿದರೆ ಸುಮಾರು ಒಂದೂವರೆ ಅಡಿಯ ಚಿಗಟ. ಕಡಿಸಿಕೊಂಡು ಕೊಲ್ಲುವುದಲ್ಲದೆ ಜನ ಅದುವರೆಗೆ ಆ ಪ್ರಾಣಿಯ ಗೊಡವೆಗೆ ಹೋದವರಲ್ಲ. ಈಗ ನೋಡಿದರೆ ಅದು ಒಪ್ಪವಿಟ್ಟ ಕವಚ ತೊಟ್ಟ ವೀರಭಟನಂತಿದೆ! ನೌಕಾ ಇಲಾಖೆಯ ಅಧಿಕಾರಿ ಸ್ಯಾಮ್ಯುಯೆಲ್ ಪೀಪ್ಸ್ ಎಂಬವನು ಈ ಪುಸ್ತಕವನ್ನು ಕೊಂಡು ರಾತ್ರಿ ಎರಡು ಗಂಟೆಯವರೆಗೆ ನಿದ್ದೆಗೆಟ್ಟು ಓದಿದನೆಂದು ಅವನ ದಿನಚರಿಯಿಂದ ತಿಳಿಯುತ್ತದೆ. ಬಿರಡೆಯ ತೆಳುವಾದ ಸೀಳನ್ನು ನೋಡಿ ಅದರಲ್ಲಿ ಕಂಡ ಪುಟ್ಟ ಪುಟ್ಟ ಗೂಡುಗಳಿಗೆ ಹುಕ್ ಇಟ್ಟ ಹೆಸರೇ ಇಂದು ಜೀವಕೋಶಕ್ಕೆ ಇಂಗ್ಲಿಷಿನಲ್ಲಿ ನಿಂತಿರುವ ಸೆಲ್ ಎಂಬ ಶಬ್ದ.

ಅದೇ 1665ರಲ್ಲಿ ಲಂಡನಿನಲ್ಲಿ ಪ್ಲೇಗು ಮಾರಿ ತಾಂಡವವಾಡಿತು. ಸೊಸೈಟಿಯ ಸಭೆಗಳು ನಿಂತುಹೋದವು; ಹುಕ್ ಕೂಡ ನಗರವನ್ನು ಬಿಟ್ಟು ಹಳ್ಳಿಗೆ ಹೋದನು. ಚಿಗಟದ ಒಂದೊಂದು ರೋಮವನ್ನೂ ಬರೆದವನಿಗೆ, ಊರನ್ನು ಸ್ಮಶಾನ ಮಾಡುತ್ತಿದ್ದ ರೋಗಕ್ಕೂ ಚಿಗಟಕ್ಕೂ ನಂಟಿದೆಯೆಂಬುದು ಹೊಳೆಯಲಿಲ್ಲ. ಆ ಕಾಲದಲ್ಲಿ ಯಾರಿಗೂ ಹೊಳೆಯಲಿಲ್ಲ. ಇಲಿಯ ಮೈಮೇಲಿನ ಚಿಗಟವೇ ಪ್ಲೇಗನ್ನು ಸಾಗಿಸುತ್ತದೆಂದು 1898ರಲ್ಲಿ ಕರಾಚಿಯಲ್ಲಿ ಪ್ರಯೋಗ ಮಾಡಿ ತೋರಿಸಿದವನು ಪಾಲ್ ಲೂಯಿ ಸಿಮೊನ್ ಎಂಬ ಫ್ರೆಂಚ್ ವೈದ್ಯ. ನಮ್ಮ ಬೆಂಗಳೂರಿಗೆ ಪ್ಲೇಗು ಕಾಲಿಟ್ಟದ್ದೂ ಅದೇ ವರುಷ. ಊರು ಬಿಟ್ಟು ಬಯಲಿನಲ್ಲಿ ಗುಡಿಸಲು ಹಾಕಿಕೊಂಡಿದ್ದ ಕಥೆಯು ನಮ್ಮ ಎಷ್ಟೋ ಮನೆಗಳಲ್ಲಿ ಅಜ್ಜ ಅಜ್ಜಿಯರ ಬಾಯಿಂದ ಇಳಿದು ಬಂದಿದೆ. ಅಲ್ಪ ಜೀವಿಯೆಂದು ಯಾವುದನ್ನೂ ತಿರಸ್ಕರಿಸಬಾರದೆಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಹುಕ್‌ನ ಮುಂದಿನ ಜೀವನವನ್ನು ಸಂಗ್ರಹವಾಗಿ ಹೇಳುತ್ತೇನೆ. 1666ರಲ್ಲಿ ಲಂಡನಿನ ಬಹುಭಾಗ ಬೆಂಕಿಗೆ ಆಹುತಿಯಾಯಿತು. ಸುಟ್ಟ ಬೀದಿಗಳನ್ನು ಅಳೆದು, ಯಾರ ನಿವೇಶನ ಎಲ್ಲಿಂದ ಎಲ್ಲಿಯವರೆಗೆ ಎಂದು ಗೂಟ ಹೊಡೆದು ಕೊಟ್ಟ ಸರ್ವೇದಾರರಲ್ಲಿ ಹುಕ್ ಪ್ರಮುಖನು. ಬೆಂಕಿಯ ನೆನಪಿಗಾಗಿ ಎತ್ತಿದ 202 ಅಡಿಯ ಸ್ತಂಭವು ಹುಕ್ ಮತ್ತು ರೆನ್ ಇಬ್ಬರ ಕೃತಿ. 1677ರಲ್ಲಿ ಮುಗಿದ ಆ ಸ್ತಂಭ ಇಂದಿಗೂ ನಿಂತಿದೆ. 1676ರಲ್ಲಿ ಹಾಲೆಂಡಿನ ಲೇವನ್‌ಹುಕ್ ಎಂಬ ಬಟ್ಟೆ ವ್ಯಾಪಾರಿಯು ನೀರಿನಲ್ಲಿ ಕಣ್ಣಿಗೆ ಕಾಣದ ಪ್ರಾಣಿಗಳಿವೆಯೆಂದು ಬರೆದಾಗ ನಂಬಿದವರು ಕಡಿಮೆ. ಹುಕ್ ತಾನೇ ಮೆಣಸು ನೆನೆಸಿದ ನೀರನ್ನು ಪರೀಕ್ಷಿಸಿ ಸೊಸೈಟಿಗೆ ತೋರಿಸಿ, ಆ ಪರದೇಶಿಯ ಮಾತು ದಿಟವೆಂದು ಸ್ಥಾಪಿಸಿದನು. ಸ್ಪ್ರಿಂಗನ್ನು ಎಳೆದಷ್ಟಕ್ಕೆ ತಕ್ಕಂತೆ ಅದರ ಬಲವೂ ಹೆಚ್ಚುತ್ತದೆಂಬ, ಶಾಲೆಯ ಮಕ್ಕಳೂ ಬಲ್ಲ ಹುಕ್‌ನ ನಿಯಮವನ್ನು 1678ರಲ್ಲಿ ಪ್ರಕಟಿಸಿದನು.

ಕೊನೆಯ ವರ್ಷಗಳು ಕಹಿ. ಬೆಳಕಿನ ಸ್ವರೂಪದ ವಿಷಯದಲ್ಲಿ 1672ರಲ್ಲಿಯೇ ಆತನಿಗೂ ಐಸಾಕ್ ನ್ಯೂಟನ್ನನಿಗೂ ವಾದ ಹುಟ್ಟಿತ್ತು. 1686ರಲ್ಲಿ ಗುರುತ್ವಾಕರ್ಷಣದ ನಿಯಮದ ಸೂಚನೆ ಕೊಟ್ಟವನು ತಾನೆಂದು ಹುಕ್ ಹೇಳಿಕೊಂಡಾಗ ವಾದವು ವೈರಕ್ಕೆ ತಿರುಗಿತು. ಅದನ್ನು ಗಣಿತದಿಂದ ಸಾಧಿಸಿದವನು ನ್ಯೂಟನ್ ಎಂಬುದರಲ್ಲಿ ಸಂಶಯವಿಲ್ಲ. ಹುಕ್‌ನ ಪತ್ರಗಳು ಅವನನ್ನು ಆ ದಾರಿಗೆ ತಿರುಗಿಸಿದವೆಂಬುದೂ ಅಲ್ಲಗಳೆಯುವ ಮಾತಲ್ಲ. 1687ರಲ್ಲಿ ಮನೆಯಲ್ಲಿ ಜೊತೆಗಿದ್ದ ಅಣ್ಣನ ಮಗಳು ಗ್ರೇಸ್ ತೀರಿಕೊಂಡಳು. ಹುಕ್ ಒಂಟಿಯಾದನು, ಸಂಶಯಗ್ರಸ್ತನಾದನು. ಕೊನೆಯ ವರುಷ ದೃಷ್ಟಿ ಕ್ಷೀಣಿಸಿ ಹಾಸಿಗೆ ಹಿಡಿದನು. ಮನುಷ್ಯನ ನೋಟವನ್ನು ಹಿಗ್ಗಿಸಿದವನಿಗೆ ತನ್ನ ನೋಟ ಉಳಿಯಲಿಲ್ಲ. 1703ನೆಯ ಇಸವಿ ಮಾರ್ಚ್ 3ರಂದು ಪ್ರಾಣಬಿಟ್ಟನು. ಹಾಸಿಗೆಯ ಬಳಿ ಬಡವನಂತೆ ಬದುಕಿದವನ ಪೆಟ್ಟಿಗೆ. ಅದರಲ್ಲಿ ಎಂಟು ಸಾವಿರ ಪೌಂಡಿಗೂ ಮೇಲ್ಪಟ್ಟ ಹಣ. ಸೊಸೈಟಿಗೆ ಅದನ್ನು ಕೊಡುವ ಮನಸ್ಸಿತ್ತಂತೆ. ಮರಣಶಾಸನಕ್ಕೆ ಸಹಿ ಬೀಳಲಿಲ್ಲ. ಅದೇ ವರುಷ ನ್ಯೂಟನ್ ಸೊಸೈಟಿಯ ಅಧ್ಯಕ್ಷನಾದನು.

1710ರಲ್ಲಿ ಸೊಸೈಟಿಗೆ ಭೇಟಿಯಿತ್ತ ಜರ್ಮನ್ ಪ್ರವಾಸಿಯೊಬ್ಬನು ಅಲ್ಲಿ ಹುಕ್‌ನ ಭಾವಚಿತ್ರವನ್ನು ನೋಡಿದುದಾಗಿ ಬರೆದಿದ್ದಾನೆ. ಆಮೇಲೆ ಅದರ ಸುಳಿವಿಲ್ಲ. ನ್ಯೂಟನ್ನನೇ ಅದನ್ನು ಕಾಣೆಯಾಗಿಸಿದನೆಂದು ಕೆಲವರು ಹೇಳುತ್ತಾರೆ, ಅದಕ್ಕೆ ಆಧಾರವಿಲ್ಲ. ಹೂಳಿದ ಇಗರ್ಜಿಯಿಂದ ಮೂಳೆಗಳನ್ನೂ 19ನೆಯ ಶತಮಾನದಲ್ಲಿ ಬೇರೆಡೆಗೆ ಸಾಗಿಸಿದ್ದರಿಂದ ಗುರುತಿಸಬಹುದಾದ ಸಮಾಧಿಯೂ ಇಲ್ಲ. ಹೇನಿಗೆ, ಚಿಗಟಕ್ಕೆ ಭಾವಚಿತ್ರ ಬರೆದುಕೊಟ್ಟವನ ಮುಖ ಹೇಗಿತ್ತೆಂದು ಎಲ್ಲರೂ ಒಪ್ಪುವ ಒಂದು ಚಿತ್ರವೂ ನಮ್ಮಲ್ಲಿ ಉಳಿದಿಲ್ಲ!

ಹುಕ್ ಓದಿದ ಆಕ್ಸ್‌ಫರ್ಡಿನಲ್ಲಿಯೇ, ಅಲ್ಲಿಯ ನೈಸರ್ಗಿಕ ಇತಿಹಾಸದ ವಸ್ತುಸಂಗ್ರಹಾಲಯದಲ್ಲಿ, 2016ರಲ್ಲಿ ಲೆವೊನ್ ಬಿಸ್ ಎಂಬ ಛಾಯಾಗ್ರಾಹಕನ ಕೀಟಚಿತ್ರಗಳ ಪ್ರದರ್ಶನ ನಡೆಯಿತು. ಒಂದೊಂದು ಕೀಟವನ್ನೂ ಸುಮಾರು ಮೂವತ್ತು ಭಾಗಗಳಾಗಿ ಎಣಿಸಿ, ಒಂದೊಂದು ಭಾಗಕ್ಕೂ ಬೇರೆ ಬೇರೆ ಬೆಳಕನ್ನು ಹೊಂದಿಸಿ, ಎಂಟು ಸಾವಿರಕ್ಕೂ ಹೆಚ್ಚು ಚಿತ್ರಗಳನ್ನು ತೆಗೆದು ಕೂಡಿಸಿ ಒಂದು ಚಿತ್ರ ಮಾಡಿದ್ದನು. ಒಂದಕ್ಕೆ ವಾರಗಟ್ಟಲೆ ಶ್ರಮ. ಬೆಳಕು ಬದಲಾಯಿಸು, ಮತ್ತೆ ನೋಡು, ಆಮೇಲೆ ಜೋಡಿಸು ಎಂಬ ಹುಕ್‌ನ ನಿಯಮವೇ ಅಲ್ಲವೇ ಇದು? ಯಂತ್ರ ಬದಲಾಗಿದೆ, ತಾಳ್ಮೆ ಬದಲಾಗಿಲ್ಲ.

ಇಲ್ಲಿ ಚರಿತ್ರೆಯ ವಿದ್ಯಾರ್ಥಿಯಾಗಿ ನನ್ನದೊಂದು ಮಾತಿದೆ. ಹುಕ್‌ನನ್ನು ಲೋಕವು ಇನ್ನೂರು ವರುಷಕ್ಕೂ ಮೀರಿ ಒಂದೇ ಕೋನದಿಂದ ನೋಡಿತು. ಆತನು ತೀರಿದ ಮೇಲೆ 1705ರಲ್ಲಿ ರಿಚರ್ಡ್ ವಾಲರ್ ಬರೆದ ಚರಿತ್ರೆಯಲ್ಲಿ ಬೆನ್ನು ಬಾಗಿದ, ಮುಖ ಬಿಳಿಚಿದ, ಮುಂಗೋಪಿಯಾದ, ಯಾರನ್ನೂ ನಂಬದ ಮುದುಕನ ಚಿತ್ರವಿತ್ತು. ನ್ಯೂಟನ್ನನ ಕೀರ್ತಿಯ ಬೆಳಕಿನಲ್ಲಿ ಆ ನೆರಳು ಇನ್ನೂ ಕಪ್ಪಾಯಿತು. ಆದರೆ ಜಾನ್ ಆಬ್ರಿ ಎಂಬ ಗೆಳೆಯನು ಆತನನ್ನು ಸದ್ಗುಣಿಯೆಂದು, ಒಳ್ಳೆಯವನೆಂದು ಬಣ್ಣಿಸಿದ್ದಾನೆ. 1935ರಲ್ಲಿ ಹುಕ್‌ನ ದಿನಚರಿ ಅಚ್ಚಾದಾಗ ಕಾಫಿ ಅಂಗಡಿಗಳಲ್ಲಿ ಗೆಳೆಯರೊಡನೆ ಹರಟುವ, ಔಷಧಿಗಳನ್ನು ನುಂಗಿ ನರಳುವ, ಬೆಳಗಿನಿಂದ ರಾತ್ರಿಯವರೆಗೆ ದುಡಿಯುವ ಮನುಷ್ಯನು ಕಾಣಿಸಿಕೊಂಡನು. 2006ರಲ್ಲಿ ಇಂಗ್ಲೆಂಡಿನ ಮನೆಯೊಂದರಲ್ಲಿ ಆತನ ಕೈಬರಹದ, ಸೊಸೈಟಿಯ ಸಭೆಗಳ ಟಿಪ್ಪಣಿಗಳು ಸಿಕ್ಕಿದವು. ಇನ್ನೊಂದು ಪದರ ಸ್ಪಷ್ಟವಾಯಿತು. ಇವುಗಳಲ್ಲಿ ಯಾವ ಒಂದೂ ಹುಕ್ ಅಲ್ಲ. ಎಲ್ಲವನ್ನೂ ಕೂಡಿಸಿದರೆ ಹುಕ್.

ಮನುಷ್ಯನನ್ನು ಒಂದೇ ನೋಟದಲ್ಲಿ ಅಳೆದು, ಜಿಪುಣನೆಂದೋ ಜಗಳಗಂಟನೆಂದೋ ತೀರ್ಪು ಕೊಡುವುದು ನಮಗೆಲ್ಲ ಸುಲಭ. ಒಂದು ನೊಣದ ಕಣ್ಣಿಗೆ ಅಂಥ ಅನ್ಯಾಯ ಮಾಡಲು ರಾಬರ್ಟ್ ಹುಕ್ ಒಪ್ಪಲಿಲ್ಲ. ಬೆಳಕನ್ನು ಬದಲಿಸಿ, ಭಂಗಿಯನ್ನು ಬದಲಿಸಿ, ನಿಶ್ಚಯವಾಗುವವರೆಗೆ ಕಾದನು. ಪಕ್ಕದ ಬೆಂಚಿನ ಗೆಳೆಯನನ್ನಾಗಲಿ, ಪಾಠದ ಪುಸ್ತಕದ ಅರಸನನ್ನಾಗಲಿ ನಾವು ಅಷ್ಟು ತಾಳ್ಮೆಯಿಂದ ನೋಡಲು ಕಲಿತರೆ, ಆತನಿಗೆ ಇಲ್ಲದೆ ಹೋದ ಭಾವಚಿತ್ರದ ಕೊರತೆಯನ್ನು ಸ್ವಲ್ಪಮಟ್ಟಿಗಾದರೂ ತುಂಬಿದಂತಾದೀತು.